ಅಡ್ಡ ಓಡುವ ಹುಡುಗಿಯೂ ಮೈದಾನದ ಅಧ್ಯಕ್ಷರೂ

ಕೋಪ ಮಾಡಿಕೊಳ್ಳಬಾರದು ಅಂತ ಗಟ್ಟಿ ಮನಸ್ಸು ಮಾಡಿಯೇ ನಾನು ಪ್ರತಿ ಭಾನುವಾರ ಬೆಳಿಗ್ಗೆ ಮೈದಾನಕ್ಕೆ ಹೋಗುತ್ತೇನೆ. ಆ ಮನಸ್ಸನ್ನು ಕೆಡಿಸಲು ಗೇಟಿನ ಹತ್ತಿರ ಯಾರಾದರೂ ಒಬ್ಬರು ಕಾದು ನಿಂತೇ ಇರುತ್ತಾರೆ.

ಬಸವೇಶ್ವರನಗರದಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ. ಹೊಲಿಗೆಯನ್ನೂ ಓದನ್ನೂ ನಾನಾಗಿಯೇ ಕಲಿತವಳು. ಅಮೆರಿಕನ್ ಫುಟ್‌ಬಾಲಿನ ನಿಯಮಗಳನ್ನೂ ಹಾಗೆಯೇ ಓದಿಕೊಂಡೆ. ಬಡಾವಣೆಯ ಹುಡುಗಿಯರಿಗೆ ಕಲಿಸುತ್ತಿದ್ದ ತರುಣ ಊರು ಬಿಟ್ಟ ಮೇಲೆ ಅವರಿಗೆ ಬೇರೆ ಯಾರೂ ಸಿಗಲಿಲ್ಲ. ನಾವಾಡುವುದು ಮೈಮೇಲೆ ಬೀಳುವ ಆಟವಲ್ಲ. ಚೆಂಡು ಹಿಡಿದವಳ ಸೊಂಟದಲ್ಲಿ ಸಿಕ್ಕಿಸಿದ ಬಟ್ಟೆಪಟ್ಟಿಯನ್ನು ಎದುರಾಳಿ ಕಿತ್ತರೆ ಅವಳ ಓಟ ಅಲ್ಲಿಗೆ ಮುಗಿಯಿತು. ಆ ಪಟ್ಟಿಗಳನ್ನೂ ನಾನೇ ಹೊಲಿದೆ. ಇಷ್ಟೆಲ್ಲ ಆದ ಮೇಲೆ ಮೈದಾನದ ಸಮಿತಿಯವರು ನಮ್ಮ ಭಾನುವಾರದ ಬೆಳಗನ್ನು ಕಿತ್ತು ಕ್ರಿಕೆಟ್ಟಿನವರಿಗೆ ಕೊಡಲು ಹೊರಟರು. ಸಿಟ್ಟು ಬರದೆ ಇನ್ನೇನು ಬರುತ್ತದೆ?

ರೊಟ್ಟಿಯ ಮಾನ

ಈ ಆಟದಲ್ಲಿ ಯಾರು ಯಾವ ಕಡೆ ಓಡಬೇಕೆಂದು ಮೊದಲೇ ಗೊತ್ತುಮಾಡಿ, ಅಂಥ ಪ್ರತಿಯೊಂದು ತಂತ್ರಕ್ಕೂ ಹೆಸರಿಡಬೇಕು. ನಾಯಕಿ ಹೆಸರು ಹೇಳಿದ ಕೂಡಲೇ ಎಲ್ಲರಿಗೂ ಹೊಳೆಯಬೇಕು. ಹಳೆಯ ಇಂಗ್ಲಿಷ್ ಹೆಸರುಗಳು ನಮ್ಮ ಹುಡುಗಿಯರ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಊಟದ ಹೆಸರನ್ನು ಯಾರೂ ಮರೆಯುವುದಿಲ್ಲವಲ್ಲ ಎಂದು, ನಡುವೆ ಗುಂಪಾಗಿ ನುಗ್ಗುವುದಕ್ಕೆ ಮುದ್ದೆ ಎಂದೂ ಅಗಲಕ್ಕೆ ಹರಡಿ ಓಡುವುದಕ್ಕೆ ರೊಟ್ಟಿ ಎಂದೂ ಇಟ್ಟೆ.

ಮೊದಲ ದಿನವೇ ರೊಟ್ಟಿ ಕೈಕೊಟ್ಟಿತು. ಮತ್ತೆ ಹೇಳಿದರೂ ಕೈಕೊಟ್ಟಿತು. ವಿಜಯಪುರದ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಒಬ್ಬ ತಂದೆ ಬೇಲಿಯ ಹತ್ತಿರ ಬಂದು, "ಯಾಕ್ರೀ ಅಕ್ಕಾರ, ಪ್ರತಿ ಸಲ ನಮ್ಮ ರೊಟ್ಟಿನ ಸೋಲಬೇಕೇನ್ರೀ? ನಿಮ್ಮ ಮುದ್ದಿ ಒಮ್ಮೆ ಸೋಲ್ಲಿ, ನೋಡೂಣು" ಎಂದರು. ಚೆಂಡು ಕೈಬಿಟ್ಟಿದ್ದು ಅವರದೇ ಮಗಳು. ಅದು ಅವರ ಲೆಕ್ಕಕ್ಕಿಲ್ಲ. ಜಗಳ ಬೆಳೆಯಿತು. ಕೊನೆಗೆ, ಚೆನ್ನಾಗಿ ನಡೆಯುವ ತಂತ್ರಕ್ಕೇ ರೊಟ್ಟಿ ಅಂತ ಹೆಸರಿಡುತ್ತೇನೆ, ಸಾಕಾ, ಎಂದು ನಾನೇ ಸಿಡುಕಿದೆ.

ಅವರು ಸ್ವಲ್ಪ ಯೋಚಿಸಿ, "ಬರೇ ರೊಟ್ಟಿ ಹೆಂಗ್ ಹೋಗ್ತದ್ರೀ? ಜೋಡಿಗೆ ಎಣ್ಣಿಗಾಯಿನೂ ಇಡ್ರಿ" ಎಂದರು.

ಸುಮ್ಮನೆ ನಿಲ್ಲುವ ವಿದ್ಯೆ

ಪ್ರತಿ ಸಲ ಆಟ ಶುರುಮಾಡಲು ಚೆಂಡನ್ನು ಹಿಂದಿದ್ದ ನಾಯಕಿಗೆ ಕೊಡುವ ಮುಂಚೆ ನಮ್ಮ ಕಡೆಯವರೆಲ್ಲ ಒಂದು ಕ್ಷಣ ಅಲ್ಲಾಡದೆ ನಿಲ್ಲಬೇಕು. ಒಬ್ಬಳು ನಿಲ್ಲುತ್ತಲೇ ಇರಲಿಲ್ಲ. ಪ್ರತಿ ಸಲ ಮೊದಲೇ ಹಾರಿ ತಪ್ಪು ಮಾಡುತ್ತಿದ್ದಳು. ಮನೆಯಲ್ಲಿ ಸ್ವಲ್ಪ ತಾಳ್ಮೆ ಕಲಿಸಿ ಎಂದು ಅವಳಪ್ಪನಿಗೆ ಫೋನ್ ಮಾಡಿದೆ. ಆತ ಸಿಗ್ನಲ್ಲಿನಲ್ಲಿದ್ದ. ಇನ್ನೂ ಕೆಂಪು ದೀಪ ಇದೆ ಮೇಡಂ, ಹೇಳಿ ಎನ್ನುತ್ತಲೇ, ನಾನು ಹೇಳಿ ಮುಗಿಸುವ ತನಕ ಹಾರ್ನ್ ಹೊಡೆದ.

ಹಿಂದೆ ಬರುವವರು

ಹಾಗೆ ಎಲ್ಲರೂ ನಿಂತಿರುವಾಗ ಒಬ್ಬಳಿಗೆ ಮಾತ್ರ ಅಡ್ಡಕ್ಕೆ ಓಡಲು ಅನುಮತಿ ಇದೆ. ಎದುರಾಳಿ ಒಬ್ಬ ಅವಳ ಹಿಂದೆಯೇ ಓಡಿದರೆ, ಅವರು ಒಬ್ಬೊಬ್ಬರಿಗೆ ಒಬ್ಬೊಬ್ಬ ಕಾವಲು ಹಾಕಿದ್ದಾರೆಂದು ತಿಳಿಯುತ್ತದೆ. ಯಾರೂ ಓಡದಿದ್ದರೆ ಜಾಗ ಕಾಯುತ್ತಿದ್ದಾರೆಂದು ಅರ್ಥ. ಸಮಿತಿಯ ಅಧ್ಯಕ್ಷರಿಗೆ ಇದನ್ನು ತಾಳ್ಮೆಯಿಂದ ವಿವರಿಸಿದೆ. ದೊಡ್ಡ ಹುದ್ದೆಯಿಂದ ನಿವೃತ್ತರಾದವರು. ಗೇಟಿನ ಬೀಗದ ಕೈ ಅವರ ಜೇಬಿನಲ್ಲೇ ಇರುತ್ತದೆ.

"ಹುಡುಗಿ ಓಡೋದು, ಹಿಂದೆ ಯಾವ ಹುಡುಗ ಬರ್ತಾನೆ ಅಂತ ನೋಡೋದು. ಇದೂ ಒಂದು ಆಟಾನೇನಮ್ಮಾ?" ಎಂದರು.

ನನ್ನ ಮೈ ಉರಿದು ಹೋಯಿತು. "ಬಸ್ ಸ್ಟಾಪಲ್ಲಿ ದಿನಾ ಪುಕ್ಕಟೆ ನೋಡ್ತೀವಲ್ಲ ಸಾರ್. ಇಲ್ಲಿ ಅದಕ್ಕೆ ಪಾಯಿಂಟ್ ಸಿಗುತ್ತೆ" ಎಂದೆ.

ಆ ಭಾನುವಾರ

ಅದಕ್ಕೆ ಅವರು ಸೇಡು ತೀರಿಸಿಕೊಂಡರು. ನಂದಿನಿ ಲೇಔಟಿನ ಹುಡುಗರ ಮೇಲೆ ಒಂದು ಪಂದ್ಯ ಆಡಿ, ಗೆದ್ದರೆ ಭಾನುವಾರ ನಿಮ್ಮದು, ಸೋತರೆ ಕ್ರಿಕೆಟ್ಟಿಗೆ ಎಂದು ಷರತ್ತು ಹಾಕಿದರು. ಹೆದರಿ ಹಿಂದೆ ಸರಿಯುವ ಜಾತಿ ನನ್ನದಲ್ಲ. ಒಪ್ಪಿಕೊಂಡೆ.

ಹುಡುಗರು ಚುರುಕು. ನಮ್ಮವಳು ಅಡ್ಡ ಓಡಿದಾಗಲೆಲ್ಲ ಒಬ್ಬ ನೆರಳಿನಂತೆ ಹಿಂದೆಯೇ ಬರುತ್ತಿದ್ದ. ನಾವು ಅಂಕದಲ್ಲಿ ಹಿಂದೆ ಬಿದ್ದಿದ್ದೆವು, ಉಳಿದದ್ದು ಒಂದೇ ಅವಕಾಶ. ಚೆಂಡು ಹಿಡಿದು ಕೊನೆಯ ಗೆರೆ ದಾಟಿದರೆ ಗೆದ್ದಂತೆ. ನಮ್ಮವಳು ಮತ್ತೆ ಅಡ್ಡಕ್ಕೆ ಓಡಿದಳು, ಆ ಹುಡುಗನೂ ಹೊರಟ. ಗೆರೆಯ ಪಕ್ಕ ನಿಂತಿದ್ದ ಅಧ್ಯಕ್ಷರಿಗೆ ತಡೆಯಲಾಗಲಿಲ್ಲ.

"ಏಯ್, ಅವಳ ಹಿಂದೆ ಎಲ್ಲಿಗೋ ಹೋಗ್ತೀಯ? ಬಾಲ್ ಇಲ್ಲಿದೆ ಕಣೋ, ಬಾ ಈ ಕಡೆ."

ಹಿರಿಯರ ಮಾತು. ಹುಡುಗ ನಿಂತ, ತಿರುಗಿದ, ವಿಧೇಯನಾಗಿ ನಡುವಿಗೆ ವಾಪಸ್ ಬಂದ. ಚೆಂಡು ಅವನ ತಲೆಯ ಮೇಲೆ ಹಾರಿ ನಮ್ಮವಳ ಕೈ ಸೇರಿತು. ಪಟ್ಟಿ ಕೀಳಲು ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ. ಅವಳು ಕೊನೆಯ ಗೆರೆಯನ್ನು ಓಡದೆ, ನಡೆದುಕೊಂಡೇ ದಾಟಿದಳು.

ಗೆಳೆಯರು ಆ ಹುಡುಗನ ಮೇಲೆ ಎಗರಿದರೆ, "ಅಂಕಲ್ ಹೇಳಿದ್ರು ಮಗಾ, ಏನ್ ಮಾಡ್ಲಿ" ಎನ್ನುತ್ತಿದ್ದ ಪಾಪ.

ಅಧ್ಯಕ್ಷರಿಗೆ ನಾಚಿಕೆಯಾಯಿತೆಂದುಕೊಂಡಿರಾ? ಎದೆಯುಬ್ಬಿಸಿ ನನ್ನ ಹತ್ತಿರವೇ ಬಂದರು. "ನೋಡಿದ್ರಾ, ನಾನು ಬಾಯಿ ಹಾಕಿದ ಮೇಲೇ ಆಟ ತಿರುಗಿದ್ದು. ಭಾನುವಾರ ನಿಮಗೇ ಇರ್ಲಿ. ಇನ್ಮೇಲೆ ನಾನೂ ಬಂದು ಕೋಚಿಂಗ್ ಮಾಡ್ತೀನಿ."

ಕೋಪ ಗಂಟಲವರೆಗೆ ಬಂದಿತ್ತು. ನುಂಗಿಕೊಂಡೆ.

"ಖಂಡಿತ ಬನ್ನಿ ಸಾರ್," ಎಂದೆ. "ಪ್ರತಿ ಮ್ಯಾಚಿಗೂ ಎದುರು ಟೀಮಿನ ಪಕ್ಕದಲ್ಲಿ ನಿಮಗೊಂದು ಕುರ್ಚಿ ಹಾಕಿಸ್ತೀನಿ."