ಕೀಲಿ ಹಿಡಿದು ಕುಳಿತ ಮಹಾನುಭಾವ

ಅಂಜುವವರನ್ನೇ ಹುಡುಕಿಕೊಂಡು ಅಂಜಿಕೆ ಬರುತ್ತದೆ. ಜೋರಾಪುರ ಪೇಟೆಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ನನ್ನ ಅಂಗಡಿಗಂತೂ ಅದು ದಾರಿ ಕೇಳದೆಯೇ ಬರುತ್ತದೆ. ನಾನು ಟಿಕೋಟಾ ಕಡೆಯ ಹಳ್ಳಿ ಸಾಲಿಯಲ್ಲಿ ಓದಿದವನು. ಲಿಂಗಪೂಜೆ ಮುಗಿಸಿ, ಕಂಪ್ಯೂಟರಿಗೂ ವಿಭೂತಿ ಹಚ್ಚಿಯೇ ಗುಂಡಿ ಒತ್ತುವವನು. ಅದರೊಳಗಿರುವುದು ಲಿನಕ್ಸ್ ಎಂಬ ಪುಕ್ಕಟೆ ವ್ಯವಸ್ಥೆ. ಪುಕ್ಕಟೆಯಾದರೂ ಅಂಜಿಸುವುದರಲ್ಲಿ ಕಡಿಮೆಯಿಲ್ಲ.

ಕಳ್ಳ ಹೊಕ್ಕ ದಿನ

ಮೊದಲ ಸಲ ಹೊಸ ಅಕ್ಷರಶೈಲಿ ಹಾಕಲು ಹೋದಾಗ ಪರದೆಯ ಮೇಲೆ ಇಂಗ್ಲಿಷಿನ ಒಂದು ಸಾಲು ಬಂತು. ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಬೇರೆ ಯಾರೋ ಒಳಗೆ ಕೀಲಿ ಹಿಡಿದಿದ್ದಾರೆ, ಅವರಿಗೊಂದು ನಂಬರೂ ಇದೆ! ಕಳ್ಳನೇ ಸರಿ ಎಂದು ಶಟರ್ ಎಳೆದು, ಕೀಲಿ ಜಡಿದು ಮನೆಗೆ ಓಡಿದೆ.

ಹೆಂಡತಿ ರೊಟ್ಟಿ ಬಡಿಯುವುದನ್ನೂ ನಿಲ್ಲಿಸಲಿಲ್ಲ. "ಕಳ್ಳ ಒಳಗದಾನ ಅಂತೀರಿ, ಹೊರಗಿಂದ ಕೀಲಿ ಹಾಕಿ ಬಂದೇನಿ ಅಂತೀರಿ. ಪಾಪ, ಅಂವ ಹೋಗೂದು ಹ್ಯಾಂಗ್ರಿ?"

ಬಚ್ಚಲ ಬಾಗಿಲು

ಎರಡನೇ ಸಲ ಅದೇ ಸಾಲು ಬಂದಾಗ ಧೈರ್ಯ ಮಾಡಿದೆ. ಒಂದು ಕೆಲಸ ಮುಗಿಯುವ ತನಕ ಇನ್ನೊಂದನ್ನು ತಡೆಯುವ ಕೀಲಿಯ ಫೈಲು ಹುಡುಕಿ ಅಳಿಸಿಯೇಬಿಟ್ಟೆ. ಒಳಗಿದ್ದದ್ದು ಕಳ್ಳನಲ್ಲ, ಕೀಲಿ ಹಿಡಿದು ನಡೆಯುತ್ತಿದ್ದ ಅಪ್‌ಡೇಟ್; ಅದರ ಮೇಲೆ ನಾನು ಇನ್ನೊಂದನ್ನು ಹೇರಿದೆ. ಎರಡೂ ಅರ್ಧಕ್ಕೆ ಕೆಟ್ಟು ನಿಂತವು. ಕಂಪ್ಯೂಟರನ್ನು ಕೂಸಿನಂತೆ ಎತ್ತಿಕೊಂಡು, ಗೋಳಗುಮ್ಮಟದ ಹತ್ತಿರ ರಿಪೇರಿ ಮಾಡುವ ಚಾಚಾನ ಬಳಿ ಹೋದೆ.

"ಕೆಲಸ ನಡದಿದ್ರ ಕಾಯಬೇಕೋ ಯಪ್ಪಾ," ಎಂದರು ಚಾಚಾ. "ನಡೀಲಿಲ್ಲಂದ್ರ ನಂಬರ್ ಹಿಡದು, ಯಾರಂತ ನೋಡಿ, ಮರ್ಯಾದಿಲೆ ಏಳಪಾ ಅನಬೇಕು. ಎದ್ದಮ್ಯಾಲ ಅರ್ಧ ಬಿಟ್ಟ ಕೆಲಸಾ ಪೂರಾ ಮಾಡಸಬೇಕು. ನೀ ಏನ್ ಮಾಡೀದಿ? ಜಳಕಾ ಮಾಡಾಕತ್ತಾಂವನ ಬಚ್ಚಲದ ಬಾಗಲಾನ ಕಿತ್ತು ಒಗದೀದಿ. ಅದರಿಂದ ಅಂವನ ಮಾನ ಹೋಗತೈತಿ, ಮೈಮ್ಯಾಲಿನ ನೊರಿ ಹೋಗಂಗಿಲ್ಲ!"

ರಾಹುಕಾಲದೊಳಗಾಗಿ

ಕಳ್ಳಕವಟಗಿಯ ಹಿರಿಯರೊಬ್ಬರು ಮಗಳ ಲಗ್ನಪತ್ರಿಕೆಗೆಂದು ಶುಕ್ರವಾರ ಬೆಳಿಗ್ಗೆ ಬಂದು ಕುಳಿತರು. ಹತ್ತೂವರೆಗೆ ರಾಹುಕಾಲ. ಅಷ್ಟರೊಳಗೆ ಮೊದಲ ಪತ್ರಿಕೆ ಅವರ ಮನೆದೇವರ ಕಡೆ ಹೊರಡಲೇಬೇಕು. ಬೀಗರು ಬಬಲೇಶ್ವರದವರು, ಹಲ್ಲಿ ಲೊಚಗುಟ್ಟಿದರೂ ಲಗ್ನ ಮುರಿಯುವಷ್ಟು ಶಕುನ ನಂಬುವವರು. ಹಿರಿಯರ ತಮ್ಮ ಹೊರಗೆ ಬೈಕ್ ಏರಿ ತಯಾರಾಗಿಯೇ ಇದ್ದ.

ನನ್ನ ಹೊಸ ಪ್ರಿಂಟರು ಹಿಂದಿನ ದಿನವಷ್ಟೇ ಬಂದಿತ್ತು. ಅದರ ಸಾಫ್ಟ್‌ವೇರ್ ಹಾಕಲು ಹೋದರೆ, ಅದೇ ಸಾಲು! ನಂಬರು ಹಿಡಿದು ನೋಡಿದೆ: ತಾನಾಗಿ ಶುರುವಾದ ಅಪ್‌ಡೇಟು. ಕಾದೆ. ಹತ್ತು ಹೊಡೆಯಿತು. ಒಳಗಿನಾತ ಮಿಸುಕಲಿಲ್ಲ, ಅವನ ಕೆಲಸವೂ ಮುಂದೆ ಸಾಗಲಿಲ್ಲ.

"ಇದನ್ನ ನಿಲ್ಲಸಬೇಕಾಗತೈತ್ರಿ," ಎಂದೆ.

ಹಿರಿಯರ ಮುಖ ಬಿಳಿಚಿತು. "ಲಗ್ನದ ಕೆಲಸದಾಗ ನಿಲ್ಲಸೂ ಮಾತು ಆಡಬ್ಯಾಡ್ರಿ! ಯಾರದಾರ ಒಳಗ?"

"ಒಬ್ಬಾಂವ ಜಾಗಾ ಹಿಡದು ಕುಂತಾನ್ರಿ. ಎಬ್ಬಸ್ತೀನಿ."

"ಹಾಂ, ಎಬ್ಬಸ್ರಿ. ಎಬ್ಬಸೂದು ಶುಭ."

ನಂಬರನ್ನು ಮೂರು ಸಲ ತಾಳೆ ನೋಡಿ, ಶಿವಶಿವಾ ಎನ್ನುತ್ತ, ಮರ್ಯಾದೆಯಿಂದಲೇ ಏಳೆಂದು ಕಂಪ್ಯೂಟರಿಗೆ ಆಜ್ಞೆ ಬರೆದೆ. ಹಿರಿಯರೂ ಕೈಮುಗಿದರು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಎದ್ದ! ಅರ್ಧ ಬಿಟ್ಟಿದ್ದನ್ನು ಸರಿಪಡಿಸಿ ಪ್ರಿಂಟರಿನದನ್ನು ಹಾಕಿದೆ. ರಾಹುಕಾಲಕ್ಕೆ ಐದು ನಿಮಿಷವಿರುವಾಗ ಮೊದಲ ಪತ್ರಿಕೆ ಹೊರಬಂತು, ಬೈಕೂ ಹೊರಟಿತು.

ಹಿರಿಯರು ಬೆವರು ಒರೆಸಿಕೊಂಡು, ಎರಡನೇ ಪತ್ರಿಕೆಗೆ ಅರಿಷಿಣ ಹಚ್ಚಿ ನನ್ನ ಕೈಗಿಟ್ಟರು. "ಮನೀ ಮಂದಿನೆಲ್ಲಾ ಕರಕೊಂಡು ಬರ್ರಿ. ಬೇಕಾದ್ರ ಈ ಕಂಪ್ಯೂಟರನ್ನೂ ತರ್ರಿ. ಆದ್ರ ಒಳಗ ಕುಂತಿದ್ನಲ್ಲಾ, ಅಂವನ್ನ ಮಾತ್ರ ತರಬ್ಯಾಡ್ರಿ. ಊಟಕ್ಕ ಕುಂತಾಂದ್ರ ಎರಡನೇ ಪಂಕ್ತಿ ಹಸದು ಮನೀಗೆ ಹೋಗತೈತಿ!"