ಒಳಮೈ ಹೊರಗಾದ ಪೆಟ್ಟಿಗೆ

ನಮ್ಮ ಯಜಮಾನರು ಹೋಗಿ ವರ್ಷವಾಗುತ್ತ ಬಂತು. ಆದರೆ ಮಂಚದ ಕೆಳಗಿನಿಂದ ಅವರು ಇನ್ನೂ ಹೋಗಿಲ್ಲ.

ಅಲ್ಲಿ ಅವರ ಮರದ ಪಟ್ಟಿಗಳ ಕಟ್ಟು ಇದೆ. ಮೊಳ ಉದ್ದ, ಎರಡು ಬೆರಳು ಅಗಲ. ಒಂದು ಬದಿ ಬರಿ ಮರ. ಇನ್ನೊಂದು ಬದಿಗೆ ಹಳೇ ಹಸಿರು ಬಣ್ಣ. ಎಲ್ಲಿಂದ ತಂದರೋ, ಯಾಕೆ ತಂದರೋ ಹೇಳಲಿಲ್ಲ. ಕೇಳಿದರೆ, "ಸೇಫ್ ಕಸ್ಟಡಿ. ನೀನು ಮುಟ್ಬೇಡ" ಎನ್ನುತ್ತಿದ್ದರು. ಜನ್ಮವಿಡೀ ಬ್ಯಾಂಕಿನಲ್ಲಿ ಕಳೆದ ಮನುಷ್ಯ. ಮನೆಯಲ್ಲೂ ಅದೇ ಮಾತು. (ನಾನೂ ಅವರಿಗೆ ಲಾಕರಿನ ಹಾಗೆ. ತೆರೆದು ನೋಡಿದ್ದು ಕಡಿಮೆ. ಉಂಟು ಎಂಬ ಧೈರ್ಯ ಮಾತ್ರ.)

ಅವರಿದ್ದಾಗ ಆ ಕಟ್ಟು ಕಂಡರೆ ನನಗೆ ಮೈ ಉರಿಯುತ್ತಿತ್ತು. ಗುಡಿಸುವಾಗ ಪೊರಕೆ ಅದಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಬೈಯುತ್ತಿದ್ದೆ. ಈಗ ಸಿಕ್ಕಿಕೊಂಡರೆ ಅಲ್ಲೇ ಕುಳಿತು ಅಳುತ್ತೇನೆ. ಹಾಗಾಗಿ ಆ ಮೂಲೆ ಒಂದು ದಿನವೂ ಪೂರ್ತಿ ಗುಡಿಸಿ ಆಗಿಲ್ಲ.

ಸೊಸೆ ಅಮಿತಾ ಇದನ್ನು ಎಷ್ಟು ದಿನ ನೋಡಿಯಾಳು?

"ಅತ್ತೆ, ಮಂಚದ ಅಡಿಗೆ ಗೆದ್ದಲು ಬರ್ತದೆ. ಭಾನುವಾರ ಗುಜರಿಯ ಬಿಕ್ರಿವಾಲಾ ಬರ್ತಾನಲ್ಲ, ಹಳೇ ಪೇಪರಿನ ಒಟ್ಟಿಗೆ ಕೊಟ್ಟುಬಿಡುವ."

"ಅದು ಅವರದ್ದು."

"ಮಾವನದ್ದು ಅಂತ ನನಗೂ ಗೊತ್ತುಂಟು. ಆದ್ರೆ ಎಂತ ಉಪಯೋಗ ಉಂಟು ಅದ್ರಿಂದ?"

"ನನ್ನಿಂದ ಎಂತ ಉಪಯೋಗ ಉಂಟು? ನನ್ನನ್ನೂ ಕೊಟ್ಟುಬಿಡು. ತೂಕ ಒಳ್ಳೇದು ಬರ್ತದೆ."

"ನಿಮ್ಮನ್ನು ಅವ ತಗೊಳ್ಳುದಿಲ್ಲ ಅತ್ತೆ. ನಿಮ್ಮ ಮಾತು ಕೇಳಿದ್ರೆ ಗಾಡಿ ಬಿಟ್ಟು ಓಡ್ತಾನೆ."

ಸೊಸೆ ಒಳ್ಳೆಯವಳು. ಮಾತಿಗೆ ಮಾತು ಕೊಡುತ್ತಾಳೆ. ಕೊಡದೆ ಹೋಗಿದ್ದರೆ ಈ ವರ್ಷ ನಾನು ಮಾತಾಡುವುದನ್ನೇ ಮರೆಯುತ್ತಿದ್ದೆ.

ಕೊನೆಗೆ ಒಂದು ತೀರ್ಮಾನಕ್ಕೆ ಬಂದೆವು. ಆ ಪಟ್ಟಿಗಳಿಂದ ಭಾನುವಾರದೊಳಗೆ ಏನಾದರೂ ಉಪಯೋಗದ ವಸ್ತು ಮಾಡಿದರೆ ಅವು ಮನೆಯಲ್ಲಿರಬಹುದು. ಇಲ್ಲದಿದ್ದರೆ ಗಾಡಿಗೆ.

"ಪೆಟ್ಟಿಗೆ ಮಾಡ್ತೇನೆ" ಎಂದೆ. "ಚಂದದ ಪೆಟ್ಟಿಗೆ. ಅವರ ಕನ್ನಡಕ, ವಾಚು, ಪೆನ್ನು ಇಡ್ಲಿಕ್ಕೆ."

ಮೊಮ್ಮಗಳು ಖುಷಿ ಮೊಬೈಲಿನಿಂದ ತಲೆ ಎತ್ತಿದಳು. "ಅಜ್ಜಿ, ಯು ಆರ್ ನಾಟ್ ಅ ಕಾರ್ಪೆಂಟರ್!"

ಅಲ್ಲ, ನಿಜ. ಆದರೆ ಬಂಗಾಳಿಗಳ ಈ ಟಾಲಿಗಂಜಿನ ಅರ್ಧ ಹೆಂಗಸರಿಗೆ ರವಿಕೆ ಹೊಲಿದುಕೊಟ್ಟವಳು ನಾನು. ಅಳೆಯುವುದು, ಕತ್ತರಿಸುವುದು, ಜೋಡಿಸುವುದು. ಬಟ್ಟೆಯಾದರೇನು, ಮರವಾದರೇನು? ಮರವಾದರೂ ವಾಸಿ. ದುರ್ಗಾಪೂಜೆಯ ಹಿಂದಿನ ದಿನ ಬಂದು "ತೋಳು ಬಿಗಿ ಆಯ್ತು" ಎನ್ನುವುದಿಲ್ಲ.

ಅಮಿತಾ ಗರಿಯಾಹಾಟಿನ ಪೇಟೆಯಿಂದ ಸಣ್ಣ ಗರಗಸ, ಉಜ್ಜುವ ಕಾಗದ, ಅಂಟು, ಪಾಲಿಶ್ ಎಲ್ಲ ತಂದುಕೊಟ್ಟಳು. ಮಹಾಯಜ್ಞ ಸುರುವಾಯಿತು. ಬರಿ ಮರದ ಬದಿಯನ್ನು ಉಜ್ಜಿದೆ. ಪಾಲಿಶ್ ಬಿದ್ದದ್ದೇ ಬೆಲ್ಲದ ಪಾಕದ ಬಣ್ಣ ಬಂತು. ಸೀರೆಯ ಅಂಚಿನ ಹಾಗೆ ಪಟ್ಟಿಗಳನ್ನು ಓರೆ ಓರೆಯಾಗಿ ಜೋಡಿಸಿ ಅಂಟಿಸಿದೆ. ನಾಲ್ಕು ಗೋಡೆ, ಒಂದು ತಳ, ಒಂದು ಮುಚ್ಚಳ. ಎಂಥಾ ಚಂದ! ಹಸಿರು ಬದಿಯನ್ನು ಹಾಗೇ ಬಿಟ್ಟೆ. ಅದು ಹೇಗೂ ಒಳಗೆ ಹೋಗುತ್ತದೆ, ಯಾರು ನೋಡುತ್ತಾರೆ?

ಖುಷಿ ಬಂದು ನೋಡಿ, "ವಾವ್ ಅಜ್ಜಿ!" ಎಂದಳು. ಅಮಿತಾ ಎರಡೆರಡು ಸಲ ಸವರಿ ನೋಡಿದಳು. (ಅವಳಿಂದ ಅದೇ ಹೊಗಳಿಕೆ.)

ಇನ್ನು ಗೋಡೆಗಳನ್ನು ಕೂಡಿಸುವುದು ಮಾತ್ರ. ರವಿಕೆ ಹೊಲಿಯುವವರಿಗೆಲ್ಲ ಗೊತ್ತು. ಬಟ್ಟೆಯ ಚಂದದ ಮೈ ಒಳಗೆ ಬರುವಂತೆ ಇಟ್ಟು ಹೊಲಿಯಬೇಕು. ಆಮೇಲೆ ಮಗುಚಬೇಕು. ಆಗ ಹೊಲಿಗೆಯೆಲ್ಲ ಒಳಗೆ, ಚಂದವೆಲ್ಲ ಹೊರಗೆ. ಇಷ್ಟು ವರ್ಷ ಹಾಗೇ ಮಾಡಿದ ಕೈ ಇದು. ನನ್ನನ್ನು ಕೇಳಲೇ ಇಲ್ಲ. ಚಂದದ ಮೈಗಳನ್ನು ಒಳಗಡೆಗೆ ಮುಖಾಮುಖಿ ನಿಲ್ಲಿಸಿತು. ಅಂಟು ಹಚ್ಚಿತು. ಹಳೇ ಲಾಡಿಯಿಂದ ಸುತ್ತ ಬಿಗಿದು ಕಟ್ಟಿತು.

ಮರುದಿನ ಲಾಡಿ ಬಿಚ್ಚಿದೆ. ಕಲ್ಲಿನಂತೆ ಗಟ್ಟಿ. ಇನ್ನು ಮಗುಚಿದರೆ ಆಯಿತು ಎಂದು ಪೆಟ್ಟಿಗೆಯೊಳಗೆ ಕೈ ಹಾಕಿದೆ.

"ಅತ್ತೆ, ಎಂತ ಹುಡುಕ್ತಿದ್ದೀರಿ ಅದ್ರೊಳಗೆ?"

"ಹುಡುಕುದಲ್ಲ. ಮಗುಚ್ಲಿಕ್ಕೆ ನೋಡ್ತಿದ್ದೇನೆ."

ಹೇಳಿದ ಮೇಲೆ ನನಗೇ ಕೇಳಿಸಿತು.

ಅಮಿತಾ ನನ್ನ ಮುಖ ನೋಡಿದಳು. ಪೆಟ್ಟಿಗೆ ನೋಡಿದಳು. ಆಮೇಲೆ ನೆಲಕ್ಕೆ ಕುಳಿತಳು. ಹೊಟ್ಟೆ ಹಿಡಿದು ನಕ್ಕಳು. ನಾನೂ ನಕ್ಕೆ. ನನ್ನ ನಗು ನನಗೇ ಗುರುತು ಸಿಗಲಿಲ್ಲ, ಅಷ್ಟು ದಿನವಾಗಿತ್ತು.

ಹೊರಗೆ ಹಳೇ ಹಸಿರು, ಅಂಟು ಸೋರಿದ ಗೆರೆ. ಒಳಗೆ ಅರಮನೆ.

"ಇರಲಿ ಅತ್ತೆ" ಎಂದಳು ಅಮಿತಾ, ಕಣ್ಣು ಒರೆಸಿಕೊಂಡು. "ಮಾವನೂ ಹೀಗೇ ಇದ್ರಲ್ಲ. ಹೊರಗೆ ಒರಟು, ಒಳಗೆ ಚಂದ."

"ಒಳಗೂ ಒರಟೇ" ಎಂದೆ. (ಸತ್ತವರ ಬಗ್ಗೆ ಸುಳ್ಳು ಹೇಳಬಾರದು.)

ಹೇಗಿದ್ದರೂ ಪೆಟ್ಟಿಗೆ ಪೆಟ್ಟಿಗೆಯೇ. ಕನ್ನಡಕ, ವಾಚು, ಪೆನ್ನು ಹಾಕಿ ಟಿವಿಯ ಪಕ್ಕ ಇಟ್ಟೆ. ಭಾನುವಾರ ಬಿಕ್ರಿವಾಲಾ ಬಂದ. ಪೇಪರು ಮಾತ್ರ ತೆಗೆದುಕೊಂಡು ಹೋದ. ನಾನು ಗೆದ್ದೆ.

ಗೆದ್ದ ಸಂತೋಷದಲ್ಲಿ ಚಹಾಕ್ಕೆ ಇಟ್ಟಿದ್ದೆ. ಕೆಳಗಿನ ಮನೆಯ ಶಿಖಾ ದೀದಿ ತೆಂಗಿನಕಾಯಿ ಲಾಡು ಹಿಡಿದು ಬಂದರು. ಘೋಷಾಲ್ ಬಾಬುವಿನ ಹೆಂಡತಿ. ಅವರ ಹಳೇ ಮನೆ ಕೆಡವಿದ ಜಾಗದಲ್ಲೇ ನಮ್ಮ ಈ ಕಟ್ಟಡ ಎದ್ದದ್ದು. (ನಾವು ಆಡುವುದು ಅರ್ಧ ಹಿಂದಿ, ಅರ್ಧ ಬಂಗಾಳಿ. ಪ್ರೀತಿಗೂ ಸಾಕು, ಜಗಳಕ್ಕೂ ಸಾಕು.)

ದೀದಿ ಕುಳಿತುಕೊಳ್ಳಲಿಲ್ಲ. ಟಿವಿಯ ಪಕ್ಕ ನೋಡಿ ನಿಂತುಬಿಟ್ಟರು.

"ಎ ಮಾ! ಚಂದ್ರಾ ದಿ, ಇದು ನಮ್ಮ ಕಿಟಕಿ!"

"ಕಿಟಕಿಯಲ್ಲ ದೀದಿ, ಪೆಟ್ಟಿಗೆ."

"ಈ ಹಸಿರು ನನಗೆ ಗೊತ್ತಿಲ್ಲವಾ? ಪ್ರತಿ ಪೂಜೆಗೆ ಮೊದಲು ನಮ್ಮ ಮಾವ ಕೈಯಾರೆ ಬಳಿಯುತ್ತಿದ್ದ ಬಣ್ಣ! ನಮ್ಮ ಹಳೇ ಮನೆಯ ಕಿಟಕಿ ಬಾಗಿಲಿನ ಪಟ್ಟಿಗಳು ಇವು. ಎಲ್ಲ ಎಸೆದೆ ಎಂದಿದ್ದರು ಇವರು!"

ಬಾಲ್ಕನಿಗೆ ಓಡಿ ಕೆಳಗಿದ್ದ ಗಂಡನನ್ನು ಕೂಗಿದರು. "ಓಗೋ, ಶುನ್‌ಛೋ! ಮೇಲೆ ಬನ್ನಿ!"

ಘೋಷಾಲ್ ಬಾಬು ಮಂಡಿ ಹಿಡಿದುಕೊಂಡು ಬಂದರು. ಪೆಟ್ಟಿಗೆ ಕಂಡದ್ದೇ ಬಾಗಿಲಲ್ಲೇ ನಿಂತರು. ಬೆಲ್ಲದ ಡಬ್ಬಿಗೆ ಕೈ ಹಾಕಿ ಸಿಕ್ಕಿಬಿದ್ದ ಮಗುವಿನ ಮುಖ.

"ಬೌದಿ, ನಿತ್ಯಾ ದಾ ನಿಮಗೆ ಹೇಳಿರಲಿಲ್ಲವಾ?" ಎಂದರು ಮೆಲ್ಲಗೆ. (ಬೌದಿ ಎಂದರೆ ಅತ್ತಿಗೆ, ಅಂದರೆ ನಾನು. ನಿತ್ಯಾ ದಾ ನಮ್ಮ ಯಜಮಾನರು.) "ಮನೆಯಲ್ಲಿಟ್ಟರೆ ಇವಳು ಎಸೆಯುತ್ತಾಳೆ ಅಂತ ಅವರ ಹತ್ತಿರ ಕೊಟ್ಟಿದ್ದೆ. ಆಮೇಲೆ ಅವರು ಹೋದರು. ದುಃಖದ ಮನೆಗೆ ಬಂದು ನನ್ನ ಕಟ್ಟು ಕೊಡಿ ಅಂತ ಹೇಗೆ ಕೇಳಲಿ?"

ನಾನು ಕುಳಿತುಬಿಟ್ಟೆ. ಒಂದು ವರ್ಷ ನಾನು ಅತ್ತದ್ದು ಘೋಷಾಲ್ ಬಾಬುವಿನ ಕಿಟಕಿಗೆ!

ಅಮಿತಾ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಅವಳ ಹೆಗಲು ಕುಣಿಯುತ್ತಿತ್ತು.

"ಹಾಗಾದರೆ ಅವರದ್ದು ಅಂತ ಏನೂ ಇಲ್ಲವಾ?" ಎಂದೆ.

"ಇಲ್ಲ ಅಂತ ಯಾರು ಹೇಳಿದರು? ನಿತ್ಯಾ ದಾ ಅವರ ಕಟ್ಟು ನಮ್ಮ ಅಟ್ಟದಲ್ಲಿದೆಯಲ್ಲ! ನೀವು ಎಸೆಯುತ್ತೀರಿ ಅಂತ ನನಗೆ ಕೊಟ್ಟಿದ್ದರು."

ಈಗ ಶಿಖಾ ದೀದಿ ತಿರುಗಿದರು. "ಸ್ನಾನದ ಮನೆಯ ಮೇಲಿನ ಅಟ್ಟದಲ್ಲಿರುವ ಆ ದೊಡ್ಡ ಗಂಟಾ? ಕ್ಲಬ್ಬಿನ ದುರ್ಗಾಪೂಜೆಯ ಸಾಮಾನು ಎಂದಿರಲ್ಲ! ಸ್ನಾನಕ್ಕೆ ಹೋಗುವಾಗೆಲ್ಲ ನಾನು ಅದಕ್ಕೆ ಕೈ ಮುಗಿದಿದ್ದೇನೆ!"

ಅಟ್ಟ ಖಾಲಿಯಾಗುತ್ತದೆ ಎಂದರೆ ದೀದಿಗೆ ಮೊಣಕಾಲು ನೋವೂ ಇಲ್ಲ. ಗಂಡನನ್ನು ಮುಂದೆ ತಳ್ಳಿಕೊಂಡು ಗಂಟು ಹೊತ್ತು ತಂದೇಬಿಟ್ಟರು. ಧೊಪ್ಪನೆ ಇಳಿಸಿದರು. ಘೋಷಾಲ್ ಬಾಬು ನನ್ನ ಪೆಟ್ಟಿಗೆಯಿಂದ ಕನ್ನಡಕ, ವಾಚು, ಪೆನ್ನು ತೆಗೆದು ಮರ್ಯಾದೆಯಿಂದ ನನ್ನ ಕೈಗೆ ಕೊಟ್ಟರು. ಪೆಟ್ಟಿಗೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡರು.

"ನಮ್ಮಪ್ಪನ ಹಸಿರನ್ನು ಹೊರಗೆ ಕಾಣುವ ಹಾಗೆ ಇಟ್ಟಿದ್ದೀರಿ ಬೌದಿ. ಇಷ್ಟು ಯಾರಿಗೆ ಹೊಳೆಯುತ್ತದೆ!" ಎಂದರು. ಕಣ್ಣು ಒದ್ದೆಯಾಗಿತ್ತು. ಮಗುಚಲು ಹೋದ ಕಥೆಯನ್ನು ನಾನು ಹೇಳಲಿಲ್ಲ. ಅಮಿತಾ ಹೇಳಿದಳು.

ಅವರು ಹೋದ ಮೇಲೆ ಗಂಟು ಬಿಚ್ಚಿದೆವು. ಘೋಷಾಲ್ ಬಾಬುವಿನದಕ್ಕಿಂತ ಮೂರು ಪಾಲು ದೊಡ್ಡದು. ನಮಗೆ ಊರೂರಿಗೆ ವರ್ಗ ಆಗುತ್ತಿತ್ತಲ್ಲ, ಸಾಮಾನು ತುಂಬಿದ ಮರದ ಪೆಟ್ಟಿಗೆಗಳನ್ನು ಒಡೆದು ಪಟ್ಟಿಗಳನ್ನೆಲ್ಲ ಎತ್ತಿಟ್ಟಿದ್ದರು. ಮೊಳೆ ಸಮೇತ. ಒಂದರ ಮೇಲೆ ಅವರದೇ ಅಕ್ಷರ. 'ಚಂದ್ರಾವತಿಯ ಉಪ್ಪಿನಕಾಯಿ ಭರಣಿ. ಮೆಲ್ಲಗೆ ಇಳಿಸಿ.'

ನನ್ನೆದುರು ಒಂದು ಸಲವೂ ಮೆಲ್ಲಗೆ ಮಾತಾಡದ ಮನುಷ್ಯ.

"ಅತ್ತೆ" ಎಂದಳು ಅಮಿತಾ. "ಬಿಕ್ರಿವಾಲಾ ಗಲ್ಲಿ ದಾಟಿರ್ಲಿಕ್ಕಿಲ್ಲ. ಕೂಗ್ಲಾ?"

"ಕೂಗಿ ನೋಡು. ನಿನ್ನನ್ನೇ ಕೊಟ್ಟು ಕಳಿಸ್ತೇನೆ."

ಗಂಟು ಮಂಚದ ಕೆಳಗೆ ಹಿಡಿಯಲಿಲ್ಲ. ಉದ್ದಕ್ಕೆ ನೂಕಿದೆವು, ಅಡ್ಡಕ್ಕೆ ನೂಕಿದೆವು. ಆಗಲಿಲ್ಲ. ಕೊನೆಗೆ ಮಂಚದ ಮೇಲೆಯೇ ಎತ್ತಿ ಹಾಕಿದೆ, ಗೋಡೆಯ ಬದಿಗೆ.

"ಮರದ ಒಟ್ಟಿಗೆ ಮಲಗ್ತೀರಾ ಅತ್ತೆ?"

"ಅರ್ಧ ಜಾಗ ಸುಮ್ನೆ ಖಾಲಿ ಉಂಟಲ್ಲ."

ಹೊರಳಿದರೆ ಪಕ್ಕೆಗೆ ಚುಚ್ಚುತ್ತದೆ. ಬೈದು ಆಚೆ ದೂಡುತ್ತೇನೆ. ಒಂದಿಂಚೂ ಸರಿಯುವುದಿಲ್ಲ. ಇದು ಅವರದ್ದೇ, ಸಂಶಯವಿಲ್ಲ.