ಹೆಸರಿಲ್ಲದ ಜಾಗದ ಪಾಠ

ದರ್ಜಿ ಅಂಗಡಿಯ ಯಜಮಾನರಿಗೆ ಮನುಷ್ಯರ ಮೈ ಹೊಸದಲ್ಲ. ಎದೆ, ಸೊಂಟ, ತೊಡೆ ಎಂದು ದಿನವಿಡೀ ಟೇಪು ಹಿಡಿದು ಅಳೆಯುವುದೇ ಅವರ ಅನ್ನ. ಆದರೂ ಮೂರನೇ ತರಗತಿಯ ಮಗಳು ಒಂದು ಸಂಜೆ ಬಂದು, ಇನ್ನು ಮೇಲೆ ಶಾಲೆಯಲ್ಲಿ ಮೈಯ ಪಾಠವೂ ಇದೆ, ಪಾಪು ಹೇಗೆ ಹುಟ್ಟುತ್ತೆ, ಯಾರು ಎಲ್ಲಿ ಮುಟ್ಟಬಾರದು ಅಂತೆಲ್ಲ ಹೇಳಿಕೊಡುತ್ತಾರಂತೆ ಎಂದಾಗ, ಅವರು ಕತ್ತರಿಸುತ್ತಿದ್ದ ಪ್ಯಾಂಟು ಇದ್ದಲ್ಲೇ ಚಡ್ಡಿಯಾಯಿತು.

ಅಂದಿನಿಂದ ಅಳತೆಗೆ ಬಂದವರಿಗೆಲ್ಲ ಪ್ರವಚನ. ಕಾಲ ಕೆಟ್ಟಿತು, ಹಾಲುಗಲ್ಲದ ಮಕ್ಕಳ ಕಿವಿಗೆ ಸೀಸ ಹುಯ್ಯುತ್ತಿದ್ದಾರೆ ಎಂದು. (ಗಿರಾಕಿಗಳು ತಪ್ಪಿಸಿಕೊಳ್ಳುವಂತಿರಲಿಲ್ಲ, ಕುತ್ತಿಗೆಗೆ ಟೇಪು ಸುತ್ತಿರುತ್ತಿತ್ತು.) ಪೋಷಕರ ಸಭೆಯ ಹೊತ್ತಿಗೆ ಅವರು ಮಾನಮರ್ಯಾದಾ ಸಂರಕ್ಷಣಾ ಸೇನೆಯ ಸ್ವಯಂಘೋಷಿತ ದಂಡನಾಯಕರಾಗಿದ್ದರು.

"ಇಂಥದ್ದನ್ನೆಲ್ಲ ಶಾಲೇಲಿ ಹೇಳಬಾರದು ಮೇಡಂ. ಹೆತ್ತವರು ಮನೇಲಿ ಹೇಳ್ಕೊಡಬೇಕು," ಎಂದರು. ಚಪ್ಪಾಳೆಯೋ ಚಪ್ಪಾಳೆ.

ಮುಖ್ಯೋಪಾಧ್ಯಾಯಿನಿ ತಲೆದೂಗಿದರು. "ಒಳ್ಳೇ ಮಾತು. ಹಾಗಾದ್ರೆ ಈ ಭಾನುವಾರ ಹೇಳ್ಕೊಡಿ. ಸೋಮವಾರ ಮಕ್ಕಳನ್ನ ಕೇಳ್ತೀನಿ."

ತಟ್ಟಲು ಎತ್ತಿದ್ದ ಕೈಗಳು ತಲೆ ಕೆರೆದುಕೊಂಡವು.

ಭಾನುವಾರ ದಂಡನಾಯಕರು ಅಡುಗೆಮನೆಯಲ್ಲಿ ಹೆಂಡತಿಯ ಹಿಂದೆ ಮುಂದೆ ಸುಳಿದಾಡಿ, ಹೆಣ್ಣುಮಗು ಅಲ್ಲವೇ, ತಾಯಿ ಹೇಳಿದರೇ ಚೆನ್ನ ಎಂದು ರಾಗ ಎಳೆದರು.

"ಭಾಷಣ ನೀವು ಮಾಡೋದು, ಪಾಠ ನಾನು ಮಾಡೋದಾ?" ಎಂದು ಆಕೆ ಪಾತ್ರೆ ಉಜ್ಜತೊಡಗಿದರು.

ವಿಧಿಯಿಲ್ಲದೆ ಮಗಳನ್ನು ಎದುರು ಕೂರಿಸಿಕೊಂಡು, ಚೊಂಬು ನೀರು ಕುಡಿದು ಶುರುಮಾಡಿದರು. "ನೋಡು ಪುಟ್ಟಿ, ಅಲ್ಲಿ ಯಾರಾದ್ರೂ ಮುಟ್ಟಿದ್ರೆ ನಂಗೆ ಹೇಳ್ಬೇಕು."

"ಎಲ್ಲಿ ಅಪ್ಪ?"

"ಅಲ್ಲೇ. ಕೆಳಗೆ."

ಮಗಳು ಪಾದ ನೋಡಿಕೊಂಡಳು. "ಕಾಲಾ?"

"ಅಷ್ಟು ಕೆಳಗಲ್ಲ."

"ಮಂಡಿನಾ?"

ಪಾಠ ಕೆಳಗಿಂದ ಮಂಡಿಗೇರುವಷ್ಟರಲ್ಲಿ ಬೆವರು ಹಣೆಯಿಂದ ಹೊಟ್ಟೆಗಿಳಿದಿತ್ತು. ಅದಕ್ಕೆ ಹೆಸರಿಲ್ಲ, ಬಿಡು ಎಂದು ಯಜಮಾನರು ಎದ್ದೇಬಿಟ್ಟರು.

ಮಗಳು ಯೋಚಿಸಿದಳು. "ಹೆಸರೇ ಇಲ್ದಿದ್ರೆ, ಯಾರಾದ್ರೂ ಮುಟ್ಟಿದಾಗ ನಾನು ನಿಂಗೆ ಏನಂತ ಹೇಳ್ಲಿ?"

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಇಷ್ಟು ದಿನ ಬರೀ ಸಿಟ್ಟು ಮಾಡಿಕೊಂಡಿದ್ದ ಮನುಷ್ಯನಿಗೆ ಈಗ ನಿಜವಾಗಿ ಭಯವಾಯಿತು.

ಬೆಳಗಾದದ್ದೇ ಅಂಗಡಿ ಬಾಗಿಲು ತೆರೆಯದೆ, ಪಾಠ ನೀವೇ ಮಾಡಿ ತಾಯೀ ಎಂದು ಕೇಳಿಕೊಳ್ಳಲು ಶಾಲೆಗೆ ಓಡಿದರು. ನೋಡಿದರೆ ಸೇನೆಯೆಲ್ಲ ಆಗಲೇ ಅಲ್ಲಿ ಸಾಲುಗಟ್ಟಿತ್ತು. (ಒಬ್ಬರು, ಪಾಪುವನ್ನು ಆನ್‌ಲೈನಿನಲ್ಲಿ ತರಿಸಿದೆವು ಎಂದಿದ್ದರಂತೆ. ಮಗ ತಂಗಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿ ಕೂರಿಸಿ, ವಾಪಸ್ ಕಳಿಸಲು ಅಂಟುಟೇಪು ಹುಡುಕುತ್ತಿದ್ದನಂತೆ.)

ಮುಖ್ಯೋಪಾಧ್ಯಾಯಿನಿ ಒಪ್ಪಿದರು. ಆದರೆ ಮೊದಲ ಪಾಠ ಪೋಷಕರಿಗೇ ಎಂದರು. ಹೀಗೆ ಯಜಮಾನರು ಮಗಳ ತರಗತಿಯ ಪುಟಾಣಿ ಬೆಂಚಿನಲ್ಲಿ, ಮಂಡಿ ಗಲ್ಲಕ್ಕೆ ತಾಗುವಂತೆ, ಹೆಂಡತಿಯ ಪಕ್ಕ ಮುದುರಿ ಕೂತರು. ಗೋಡೆಯ ಮೇಲೆ ಮನುಷ್ಯದೇಹದ ಚಿತ್ರ. ಮುಖ್ಯೋಪಾಧ್ಯಾಯಿನಿ ಕೋಲನ್ನು ಸರಿಯಾಗಿ 'ಅಲ್ಲಿಗೇ' ಇಟ್ಟರು.

"ಇದರ ಹೆಸರೇನು? ಸಭೇಲಿ ಚೆನ್ನಾಗಿ ಮಾತಾಡಿದ್ರಲ್ಲ, ನೀವೇ ಹೇಳಿ."

ಯಜಮಾನರು ಎದ್ದು ನಿಂತರು. ಹೆಂಡತಿಯ ಕಡೆ ನೋಡಿದರು. ಆಕೆ ಕಿಟಕಿಯ ಕಡೆ ನೋಡುತ್ತಿದ್ದರು. ಕೊನೆಗೆ ನಲವತ್ತು ದಾಟಿದ ಆ ದಂಡನಾಯಕರು ಮೆಲ್ಲನೆ ಕಿರುಬೆರಳು ಎತ್ತಿದರು.

"ಮಿಸ್, ಒಂದಕ್ಕೆ ಹೋಗಿ ಬರ್ಲಾ?"